ಕಂಪ್ಯೂಟರಿಗೆ ದನಿ ಕೊಟ್ಟ ಪೆಟ್ಟಿಗೆ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. ಮನೆಗಳಿಗೆ ಅದನ್ನು ತಂದದ್ದು ಹೊಸ ತಂತಿಯಲ್ಲ, ಮಾತಿಗೆಂದು ಎಳೆದಿದ್ದ ದೂರವಾಣಿ ತಂತಿ. ಸಂಪರ್ಕ ಕೂಡಿಕೊಳ್ಳುವಾಗ ಮೋಡೆಮ್ ಎಂಬ ಪೆಟ್ಟಿಗೆ ಮೊದಲು ಕಿರುಚಿ, ಬಳಿಕ ಬುಸುಗುಡುತ್ತಿತ್ತು. ಏನಿತ್ತು ಆ ಗದ್ದಲದಲ್ಲಿ?

ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಎಂಬ ಎರಡೇ ಅಂಕಿ. ದೂರವಾಣಿ ವ್ಯವಸ್ಥೆಗೆ ಗೊತ್ತಿದ್ದುದು ಮನುಷ್ಯರ ದನಿ. ಅದರಲ್ಲೂ ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳ ಸ್ವರಗಳನ್ನಷ್ಟೇ ಅದು ಸಾಗಿಸುತ್ತಿತ್ತು. ಮಾತು ಅರ್ಥವಾಗಲು ಅಷ್ಟು ಸಾಕು. ಹೀಗಾಗಿ ಅಂಕಿಗಳನ್ನು ಸ್ವರವಾಗಿಸಿ ಕಳಿಸಬೇಕಿತ್ತು, ಆಚೆ ಬದಿಯಲ್ಲಿ ಸ್ವರವನ್ನು ಮತ್ತೆ ಅಂಕಿಯಾಗಿಸಬೇಕಿತ್ತು. ಮೊದಲನೆಯದು ಮಾಡ್ಯುಲೇಶನ್, ಎರಡನೆಯದು ಡಿಮಾಡ್ಯುಲೇಶನ್. ಎರಡೂ ಸೇರಿ ಮೋಡೆಮ್.

ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆ 1962ರಲ್ಲಿ ತಂದ ಬೆಲ್ 103 ಮೋಡೆಮ್‌ನ ಉಪಾಯ ಸರಳ. ಕರೆ ಮಾಡಿದ ಮೋಡೆಮ್ 0ಗೆ 1,070, 1ಕ್ಕೆ 1,270 ಕಂಪನಗಳ ಸ್ವರ ಹೊರಡಿಸುತ್ತಿತ್ತು. ಉತ್ತರಿಸುವ ಮೋಡೆಮ್‌ನದು ಮೇಲಿನ ಶ್ರುತಿ: 2,025 ಮತ್ತು 2,225. ಆದ್ದರಿಂದ ಎರಡೂ ಏಕಕಾಲಕ್ಕೆ ಮಾತಾಡಿದರೂ ಗೊಂದಲವಿರಲಿಲ್ಲ. ವೇಗ ಮಾತ್ರ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ.

ಸ್ವರವನ್ನು ಇನ್ನೂ ಬೇಗ ಬದಲಿಸೋಣವೆಂದರೆ ದಾರಿ ಕಿರಿದು. ಎಂಜಿನಿಯರುಗಳು ಅಲೆಯ ಎತ್ತರವನ್ನೂ ಅದು ಆರಂಭವಾಗುವ ಘಟ್ಟವನ್ನೂ ಬದಲಿಸಿ 16 ಬಗೆಯ ಗುರುತುಗಳನ್ನು ಮಾಡಿದರು. ಒಂದು ಗುರುತು ಕಳಿಸಿದರೆ ನಾಲ್ಕು ಬಿಟ್ ಒಟ್ಟಿಗೆ ಹೋದಂತೆ. ಸೆಕೆಂಡಿಗೆ 600 ಗುರುತುಗಳಿಂದಲೇ 2,400 ಬಿಟ್ ಸಾಗಿದವು. ಗುರುತುಗಳ ಬಗೆ ಹೆಚ್ಚಿಸುತ್ತ, ದಾರಿಯನ್ನು ಪೂರ್ತಿ ಬಳಸುತ್ತ 1994ರ ಹೊತ್ತಿಗೆ ವೇಗ 28,800 ಬಿಟ್ ಮುಟ್ಟಿತು.

ಆರಂಭದ ಆ ಕಿರುಚಾಟ ಎರಡು ಮೋಡೆಮ್‌ಗಳ ನಡುವಿನ ಮಾತುಕತೆ. ತಂತಿಯ ಗುಣ ಪರೀಕ್ಷಿಸಿ, ಗರಗರ ಹೆಚ್ಚಿದ್ದರೆ ಕಡಿಮೆ ವೇಗಕ್ಕೆ ಅವು ಒಪ್ಪಿಕೊಳ್ಳುತ್ತಿದ್ದವು. ಮನೆಯವರಿಗೆ ಇದರ ಬೆಲೆ ಬೇರೆ. ಅಷ್ಟು ಹೊತ್ತೂ ಫೋನ್ ಸಿಗುತ್ತಿರಲಿಲ್ಲ, ಕರೆಯ ಲೆಕ್ಕ ಏರುತ್ತಿತ್ತು. ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕವೇ ಕಡಿಯಬಹುದಿತ್ತು.

ಆದರೆ ಈ ಇಕ್ಕಟ್ಟಿಗೆ ತಾಮ್ರದ ತಂತಿ ಕಾರಣವಲ್ಲ. ದನಿಗೆ ಬೇಕಾದಷ್ಟನ್ನೇ ಬಿಡುತ್ತಿದ್ದುದು ಎಕ್ಸ್‌ಚೇಂಜ್. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ತಂದಾಗ ಅದೇ ತಂತಿಯಲ್ಲಿ, ದನಿಗಿಂತ ಮೇಲಿನ ಕಂಪನಗಳಲ್ಲಿ, 2,56,000 ಬಿಟ್ ಹರಿದವು. ಫೋನೂ ಬಿಡುವಾಯಿತು. ಕಿರುಚಾಟ ನಿಂತರೂ ವಿದ್ಯೆ ಉಳಿದಿದೆ: ಇಂದಿನ ಮೊಬೈಲ್ ಕೂಡ ಅಂಕಿಗಳನ್ನು ಅಲೆಯ ಮೇಲೇರಿಸಿಯೇ ಕಳಿಸುತ್ತದೆ.