ಯಾರದೋ ಕೂಸಿಗೆ ಯಾರದೋ ಎದೆಹಾಲು

ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಶುರುವಾದ ಎದೆಹಾಲಿನ ಬ್ಯಾಂಕು ಏಷ್ಯಾದಲ್ಲೇ ಮೊದಲನೆಯದು. ಅದನ್ನು ಕಟ್ಟಿದವರು ಅಲ್ಲಿಗೇ ನಿಲ್ಲದೆ ಧಾರಾವಿಯ ಗಲ್ಲಿಗಳಿಗೂ ಇಳಿದರು.

ದಿನ ತುಂಬುವ ಮೊದಲೇ ಹುಟ್ಟಿದ, ಒಂದು ಕಿಲೋ ತೂಗುವ ಕೂಸಿಗೆ ಮೊದಲ ದಿನ ಎಷ್ಟು ಹಾಲು ಬೇಕು? ಎರಡು ತಾಸಿಗೊಮ್ಮೆ ಒಂದೆರಡು ಮಿಲಿಲೀಟರ್. ಹಗಲು ರಾತ್ರಿ ಸೇರಿಸಿ ಲೆಕ್ಕ ಹಾಕಿದರೂ ಐದು ಚಹಾ ಚಮಚ ದಾಟದು. ಅಷ್ಟು ಹಾಲೂ ಎಷ್ಟೋ ತಾಯಂದಿರ ಎದೆಯಲ್ಲಿ ಆಗಿನ್ನೂ ಇಳಿದಿರುವುದಿಲ್ಲ. ಹೆರಿಗೆಯಲ್ಲಿ ರಕ್ತ ಹೋಗಿ ತಾಯಿ ಬೇರೆ ವಾರ್ಡಿನಲ್ಲಿ ಮಲಗಿರಬಹುದು, ಬಿಪಿ ಏರಿ ಐಸಿಯುವಿನಲ್ಲಿರಬಹುದು. ಕೆಲವೊಮ್ಮೆ ಆಕೆ ಬದುಕಿಯೇ ಉಳಿದಿರುವುದಿಲ್ಲ.

ಹಾಗಿದ್ದಾಗ ಡಬ್ಬಿ ಹಾಲು ಕೊಟ್ಟರಾಯಿತಲ್ಲ ಎನಿಸುವುದು ಸಹಜ. ಆದರೆ ಅಷ್ಟು ಎಳೆಯ ಕರುಳಿಗೆ ಹಸುವಿನ ಹಾಲಿನಿಂದ ಮಾಡಿದ ಪುಡಿ ಒಗ್ಗುವುದು ಕಷ್ಟ. ಕರುಳಿನ ಪದರವೇ ಕೊಳೆತು ತೂತು ಬೀಳುವ, ‘ಎನ್‌ಇಸಿ’ ಎಂದು ವೈದ್ಯರು ಕರೆಯುವ ಕಾಯಿಲೆ ಇಂಥ ಕೂಸುಗಳ ದೊಡ್ಡ ವೈರಿ. ಎದೆಹಾಲು ಕುಡಿದ ಕೂಸುಗಳಿಗಿಂತ ಡಬ್ಬಿ ಹಾಲು ಕುಡಿದ ಕೂಸುಗಳನ್ನು ಅದು ಹೆಚ್ಚು ಕಾಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ: ಮೊದಲು ಹೆತ್ತ ತಾಯಿಯ ಹಾಲು, ಅದು ಸಿಗದಿದ್ದರೆ ಸುರಕ್ಷಿತವಾಗಿ ಸಂಗ್ರಹಿಸಿದ ಇನ್ನೊಬ್ಬ ತಾಯಿಯ ಹಾಲು, ಅದೂ ಇಲ್ಲವಾದರೆ ಮಾತ್ರ ಡಬ್ಬಿ.

ಆ ಎರಡನೆಯ ದಾರಿಯನ್ನು ನಮ್ಮ ದೇಶದಲ್ಲಿ ಮೊದಲು ತೆರೆದದ್ದು ಒಂದು ಮುನಿಸಿಪಲ್ ಆಸ್ಪತ್ರೆ. ಬಡವರ ಆಸ್ಪತ್ರೆ ಎಂದೇ ಹೆಸರಾದ ಸಯಾನ್ ಆಸ್ಪತ್ರೆ.

ಬಾಟಲಿ ಹೊರಗೆ, ತಾಯಿ ಒಳಗೆ

ಲೋಕಮಾನ್ಯ ತಿಲಕ್ ಮುನಿಸಿಪಲ್ ಜನರಲ್ ಆಸ್ಪತ್ರೆ ಎಂಬುದು ಕಾಗದದ ಮೇಲಿನ ಹೆಸರು. ಮುಂಬಯಿಯಲ್ಲಿ ಟ್ಯಾಕ್ಸಿಯವನಿಗೂ ಗೊತ್ತಿರುವುದು ಸಯಾನ್ ಆಸ್ಪತ್ರೆ ಎಂದೇ. 1947ರಲ್ಲಿ ಮಿಲಿಟರಿ ಬ್ಯಾರಕುಗಳಲ್ಲಿ ಸಣ್ಣದಾಗಿ ಶುರುವಾದ ಅದು ಇಂದು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ. ಒತ್ತಿನಲ್ಲೇ ಧಾರಾವಿ, ಇನ್ನೊಂದು ಬದಿಗೆ ನಮ್ಮ ದಕ್ಷಿಣದವರ ಮಾಟುಂಗಾ. ವರ್ಷಕ್ಕೆ ಸುಮಾರು ಹತ್ತು ಸಾವಿರ ಹೆರಿಗೆಗಳಾಗುವ ಜಾಗವಿದು. ಕಲಬುರ್ಗಿ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರಿರಲಿ, ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಬಂದವರಿರಲಿ, ಕೈಯಲ್ಲಿ ಕಾಸಿಲ್ಲದಾಗ ಮುಂಬಯಿಯ ಕನ್ನಡಿಗರೂ ಬಾಗಿಲು ತಟ್ಟುವುದು ಇಂಥ ಮುನಿಸಿಪಲ್ ಆಸ್ಪತ್ರೆಗಳದ್ದೇ.

1970–80ರ ದಶಕಗಳಲ್ಲಿ ಇಲ್ಲಿನ ನವಜಾತ ಶಿಶು ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಡಾ. ಆರ್ಮಿಡಾ ಫರ್ನಾಂಡಿಸ್. ಆಗ ಸೋಂಕು ಆ ವಾರ್ಡನ್ನು ಬಿಡದೆ ಕಾಡುತ್ತಿತ್ತು. ಕೂಸುಗಳು ಹೆಚ್ಚು, ನರ್ಸುಗಳು ಕಡಿಮೆ. ತಾಯಂದಿರು ಹೊರಗೆ ಕಾಯಬೇಕು, ಕೂಸುಗಳು ಒಳಗೆ ಬಾಟಲಿಯ ಹಾಲು ಕುಡಿಯಬೇಕು. ಸರಿಯಾಗಿ ಕುದಿಸದ ಒಂದು ಬಾಟಲಿ, ತೊಳೆಯದ ಒಂದು ಕೈ ಸಾಕಿತ್ತು, ಕಾಯಿಲೆ ತೊಟ್ಟಿಲಿಂದ ತೊಟ್ಟಿಲಿಗೆ ಹರಡಲು.

ಡಾಕ್ಟರು ಹೊಸ ಯಂತ್ರಕ್ಕಾಗಿ ಕಾದು ಕೂರಲಿಲ್ಲ. ವಾರ್ಡಿನಿಂದ ಬಾಟಲಿ, ಡಬ್ಬಿಗಳನ್ನು ತೆಗೆಸಿದರು. ಹೊರಗೆ ಕೂತಿದ್ದ ತಾಯಂದಿರನ್ನು ಒಳಗೆ ಕರೆದರು. ಕೈ ತೊಳೆಯುವುದು, ಹಾಲು ಹಿಂಡುವುದು, ಕೂಸಿನ ಮೈಬಣ್ಣ ಬದಲಾದರೆ ಗುರುತಿಸುವುದು, ಎಲ್ಲವನ್ನೂ ಅವರಿಗೇ ಕಲಿಸಿದರು. ಕೂಸುಗಳ ಸಾವು ಇಳಿಯತೊಡಗಿತು. ಅಂದಿನ ಪದ್ಧತಿಯಲ್ಲಿ ತಾಯಿ ಎಂದರೆ ಸೋಂಕು ಹೊತ್ತು ತರುವವಳು. ಕೂಸಿನ ಮೊದಲ ವೈದ್ಯೆ ಅವಳೇ ಎಂದು ಸಯಾನ್ ತೋರಿಸಿಕೊಟ್ಟಿತು. ಇಂದು ಆಸ್ಪತ್ರೆ ಆಸ್ಪತ್ರೆಯಲ್ಲೂ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಬೆಚ್ಚಗಿಡುವ ‘ಕಾಂಗರೂ ಆರೈಕೆ’ ನಡೆಯುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದ ವೈದ್ಯರು ಶುರುಮಾಡಿದ ಆ ಪದ್ಧತಿಯ ಹಿಂದೆಯೂ ಇದ್ದದ್ದು ಇದೇ ನಂಬಿಕೆ.

ಆದರೂ ಒಂದು ಕೊರತೆ ಉಳಿದೇ ಇತ್ತು. ತಾಯಿಯೇ ಇಲ್ಲದ, ತಾಯಿಗೆ ಹಾಲಿಲ್ಲದ ಕೂಸುಗಳ ಗತಿ ಏನು? ಬ್ರಿಟನ್ನಿಗೆ ಹೋಗಿದ್ದಾಗ ಅಲ್ಲಿನ ಆಸ್ಪತ್ರೆಯ ಹಾಲಿನ ಬ್ಯಾಂಕನ್ನು ಕಂಡಿದ್ದ ಆರ್ಮಿಡಾ ಅದನ್ನು ಸಯಾನಿಗೆ ತರಲು ಪಟ್ಟುಹಿಡಿದರು. ಜಗತ್ತಿನ ಮೊದಲ ಎದೆಹಾಲಿನ ಬ್ಯಾಂಕು 1909ರಲ್ಲೇ ವಿಯೆನ್ನಾದಲ್ಲಿ ಶುರುವಾಗಿತ್ತು. ಏಷ್ಯಾಕ್ಕೆ ಅದು ಬರಲು ಇನ್ನೂ 80 ವರ್ಷ ಹಿಡಿಯಿತು. 1989ರ ನವೆಂಬರಿನಲ್ಲಿ ಸಯಾನ್ ಬ್ಯಾಂಕು ಬಾಗಿಲು ತೆರೆಯಿತು. ಮುಂದೆ ಡಾ. ಜಯಶ್ರೀ ಮೋಂಡ್‌ಕರ್ ಅದನ್ನು ಬೆಳೆಸಿ, ದೇಶದ ಬೇರೆ ಬೇರೆ ಕಡೆಯ ವೈದ್ಯರು ಬಂದು ಕಲಿಯುವ ಜಾಗವಾಗಿಸಿದರು.

ಒಂದು ಬಟ್ಟಲು ಹಾಲಿನ ದಾರಿ

ಇಲ್ಲಿ ಹಾಲು ಕೊಡುವವರಲ್ಲಿ ಹೆಚ್ಚಿನವರು ಅದೇ ಆಸ್ಪತ್ರೆಯಲ್ಲಿ ಹೆತ್ತವರು. ಕೂಸು ಐಸಿಯುವಿನಲ್ಲಿದ್ದು, ಅದು ಕುಡಿಯುವುದಕ್ಕಿಂತ ಹೆಚ್ಚು ಹಾಲು ಇಳಿಯುತ್ತಿರುವವರು. ಬಾಣಂತಿ ವಾರ್ಡಿನಲ್ಲಿ ಎದೆ ಕಟ್ಟಿ ನೋಯುತ್ತಿರುವವರು. ಚುಚ್ಚುಮದ್ದಿಗೆ ಮಗುವನ್ನು ಕರೆತಂದವರು. ದುಡ್ಡಿನ ಮಾತೇ ಇಲ್ಲ. ಕೊಡುವವರಿಗೆ ಸಂಭಾವನೆ ಇಲ್ಲ, ಪಡೆಯುವ ಕೂಸಿಗೆ ಬಿಲ್ ಇಲ್ಲ.

ಮೊದಲು ಮಾತುಕತೆ. ‘ಬೇರೆಯವರಿಗೆ ಕೊಟ್ಟರೆ ನನ್ನ ಮಗುವಿಗೆ ಕಡಿಮೆಯಾಗುವುದಿಲ್ಲವೇ?’ ಎಂಬುದು ಎಲ್ಲರ ಪ್ರಶ್ನೆ. ಎದೆ ಬರಿದಾದಷ್ಟೂ ದೇಹ ಹೆಚ್ಚು ಹಾಲು ತಯಾರಿಸುತ್ತದೆ, ಹಿಂಡದೆ ಬಿಟ್ಟರೇ ಬತ್ತುತ್ತದೆ ಎಂದು ಸಿಸ್ಟರುಗಳು ಬಿಡಿಸಿ ಹೇಳುತ್ತಾರೆ. ದೃಷ್ಟಿಯಾದೀತು ಎಂದು ಅತ್ತೆ ಹೆದರಿದರೆ ಅತ್ತೆಯ ಜೊತೆಗೂ ಮಾತಾಡಬೇಕು. ಹೆತ್ತ ಕೂಡಲೇ ಬರುವ ಹಳದಿ ಗಿಣ್ಣುಹಾಲನ್ನು ಕೆಟ್ಟದ್ದೆಂದು ಚೆಲ್ಲುವ ರೂಢಿ ಇನ್ನೂ ಹೋಗಿಲ್ಲ. ರೋಗ ತಡೆಯುವ ಶಕ್ತಿ ತುಂಬಿಕೊಂಡಿರುವ ಆ ಮೊದಲ ಹಾಲು ಎಷ್ಟು ಬೆಲೆಬಾಳುತ್ತದೆಂದು ಪ್ರತಿ ತಾಯಿಗೂ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಒಪ್ಪಿದ ಮೇಲೆ ಸಹಿ, ಆರೋಗ್ಯದ ವಿಚಾರಣೆ, ರಕ್ತ ಪರೀಕ್ಷೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇದ್ದವರಿಂದ, ತಂಬಾಕು ಬಳಸುವವರಿಂದ, ಕೆಲವು ಔಷಧ ತೆಗೆದುಕೊಳ್ಳುತ್ತಿರುವವರಿಂದ ಹಾಲು ಪಡೆಯುವುದಿಲ್ಲ. ಆಮೇಲೆ ಕೈ ತೊಳೆದು, ಕೈಯಿಂದಲೋ ಪಂಪಿನಿಂದಲೋ ಹಾಲು ಹಿಂಡಿ, ಕುದಿಸಿಟ್ಟ ಸ್ಟೀಲ್ ಪಾತ್ರೆಯಲ್ಲಿ ಸಂಗ್ರಹಿಸುತ್ತಾರೆ. ಹಲವು ತಾಯಂದಿರ ಹಾಲನ್ನು ಒಟ್ಟು ಸೇರಿಸಿ, ಅಲುಗಾಡುವ ಬಿಸಿನೀರಿನ ತೊಟ್ಟಿಯಲ್ಲಿಟ್ಟು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸುತ್ತಾರೆ. ಈ ಲೆಕ್ಕದಲ್ಲಿ ಬಹಳ ಜಾಣತನವಿದೆ. ಅಷ್ಟು ಶಾಖಕ್ಕೆ ರೋಗಾಣುಗಳು ಸಾಯುತ್ತವೆ. ಕೂಸನ್ನು ಕಾಯುವ ಅಂಶಗಳಲ್ಲಿ ಬಹುಪಾಲು ಉಳಿಯುತ್ತವೆ. ಕುದಿಸಿಬಿಟ್ಟರೆ ಹಾಲು ಉಳಿದೀತು, ಅದರ ಸತ್ವ ಉಳಿಯದು.

ಕಾಯಿಸಿದ ಹಾಲನ್ನು ತಕ್ಷಣ ತಣಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಒಂದೇ ಒಂದು ಬಗೆಯ ಸೂಕ್ಷ್ಮಜೀವಿ ಬೆಳೆದರೂ ಆ ಪಾತ್ರೆಯ ಹಾಲನ್ನೆಲ್ಲ ಚೆಲ್ಲುತ್ತಾರೆ. ವರದಿ ಸರಿಯಿದ್ದರೆ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಬೇಕಾದಾಗ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ, ಚೀಪಲು ಬಾರದ ಕೂಸಿಗೆ ಮೂಗಿನ ನಳಿಕೆಯಿಂದ, ನುಂಗಲು ಕಲಿತ ಕೂಸಿಗೆ ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆಯಂಥ ಪುಟ್ಟ ಪಾತ್ರೆಯಿಂದ ಹಾಕುತ್ತಾರೆ. ಹೀಗೆ ವರ್ಷಕ್ಕೆ ಸಾವಿರ ಲೀಟರಿನ ಆಸುಪಾಸು ಹಾಲು ಇಲ್ಲಿ ಕೂಡುತ್ತದೆ. 50 ಮಿಲಿಲೀಟರಿನ ಒಂದು ಬಾಟಲಿ ಒಂದು ಕಿಲೋದ ಕೂಸನ್ನು ಮೊದಲ ಎರಡು ದಿನ ಸಾಕಬಲ್ಲದು ಎಂದ ಮೇಲೆ, ಆ ಸಾವಿರ ಲೀಟರಿಗೆ ಎಷ್ಟು ಬಲವಿದೆ ಎಂದು ಊಹಿಸಿಕೊಳ್ಳಿ.

ಆಸ್ಪತ್ರೆಯಿಂದ ಗಲ್ಲಿಗೆ

ಉಳಿಸಿದ ಕೂಸು ಮನೆಗೆ ಹೋಗಬೇಕು. ಆ ಮನೆ ಎಂಥದು? ಧಾರಾವಿಯಲ್ಲಿ ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಜಾಗದಲ್ಲಿ ಲಕ್ಷಗಟ್ಟಲೆ ಜನ ಬದುಕುತ್ತಾರೆ. ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ, ಹೊಲಿಗೆ ಯಂತ್ರ, ಮೂರು ತಲೆಮಾರು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಬಾಣಂತಿಯೂ ಎದ್ದು ಕೊಡ ಹಿಡಿಯಬೇಕು. ಗುಣ ಮಾಡಿ ಕಳಿಸಿದ ಕೂಸು ಕೆಲವೇ ತಿಂಗಳಲ್ಲಿ ಬಡಕಲಾಗಿ ಮತ್ತೆ ಬಂದರೆ, ವಾರ್ಡಿನಲ್ಲಿ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಈ ತಿಳಿವಿನಿಂದ ಆರ್ಮಿಡಾ ಫರ್ನಾಂಡಿಸ್ 1999ರಲ್ಲಿ ಸಮಾನಮನಸ್ಕರ ಜೊತೆ ‘ಸ್ನೇಹಾ’ ಎಂಬ ಸಂಸ್ಥೆ ಕಟ್ಟಿದರು. ಪೌಷ್ಟಿಕತೆ, ಶಿಕ್ಷಣ, ಆರೋಗ್ಯ ಮೂರನ್ನೂ ಕೂಡಿಸಿ ಕೆಲಸ ಮಾಡುವುದು ಅದರ ಗುರಿ. ಧಾರಾವಿಯಲ್ಲಿ ಸಯಾನ್ ಆಸ್ಪತ್ರೆಯದೇ ಒಂದು ನಗರ ಆರೋಗ್ಯ ಕೇಂದ್ರವಿದೆ, ಜನ ಅದನ್ನು ‘ಛೋಟಾ ಸಯಾನ್’ ಎನ್ನುತ್ತಾರೆ. ಅಲ್ಲಿಂದಲೇ ಹಲವು ಕೆಲಸಗಳು ಹೊರಟವು. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಸೇರಿಸಿದ ಔಷಧಿಯಂಥ ಆಹಾರ ಸಯಾನ್ ಆಸ್ಪತ್ರೆಯಲ್ಲೇ ತಯಾರಾಗುತ್ತದೆ. ಮನೆ ಮನೆಗೆ ಹೋಗಿ ಮಕ್ಕಳ ತೂಕ ನೋಡುವವರು, ಅಂಗನವಾಡಿಯ ಜೊತೆ ಸೇರಿ ಆ ಆಹಾರ ತಲುಪುವಂತೆ ನೋಡಿಕೊಳ್ಳುವವರು ಸ್ನೇಹಾದ ಕಾರ್ಯಕರ್ತೆಯರು. ಅವರಲ್ಲಿ ಅದೇ ಬಸ್ತಿಗಳ ಹೆಂಗಸರೂ ಇದ್ದಾರೆ.

ಹಾಗೆ ಮನೆಯೊಳಗೆ ಹೋದಾಗ ಕಂಡದ್ದು ಹಸಿವು ಮಾತ್ರವಾಗಿರಲಿಲ್ಲ, ಏಟಿನ ಗುರುತುಗಳೂ ಇದ್ದವು. ಗಂಡನ ಹೊಡೆತ ತಿನ್ನುವ ಬಸುರಿ ತನ್ನ ಆರೋಗ್ಯ ನೋಡಿಕೊಳ್ಳುವುದು ಹೇಗೆ? ಸಂಸ್ಥೆ ಛೋಟಾ ಸಯಾನಿನಲ್ಲೇ ಆಪ್ತಸಲಹಾ ಕೇಂದ್ರ ತೆರೆದು, ಪೊಲೀಸರು, ವಕೀಲರು, ವೈದ್ಯರನ್ನು ಒಂದು ಸರಪಳಿಗೆ ತಂದಿತು. ಕೌಟುಂಬಿಕ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯೆಂದು ಹಿಡಿದದ್ದು ಸ್ನೇಹಾದ ದೊಡ್ಡ ಕೊಡುಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಗುಣಕ್ಕಾಗಿಯೂ ಈ ಸಂಸ್ಥೆಯನ್ನು ಮೆಚ್ಚಬೇಕು. ಮಾಡಿದ ಕೆಲಸ ಫಲ ಕೊಟ್ಟಿತೇ ಎಂದು ಅಳೆದು ನೋಡುವ ಧೈರ್ಯ ಅದಕ್ಕಿದೆ. ನೇಪಾಳದ ಮಕವಾನ್‌ಪುರದಲ್ಲಿ ಹಳ್ಳಿಯ ಹೆಂಗಸರ ಗುಂಪುಗಳು ತಿಂಗಳಿಗೊಮ್ಮೆ ಸೇರಿ ಬಸಿರು–ಬಾಣಂತನದ ಬಗ್ಗೆ ಚರ್ಚಿಸಿದ್ದರಿಂದ ನವಜಾತ ಶಿಶುಗಳ ಸಾವು ಗಣನೀಯವಾಗಿ ಇಳಿದಿತ್ತು. ಅದೇ ಮಾದರಿಯನ್ನು ಸ್ನೇಹಾ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರ ಜೊತೆಗೂಡಿ ಮುಂಬಯಿಯ 48 ಕೊಳೆಗೇರಿಗಳಲ್ಲಿ ಪರೀಕ್ಷಿಸಿತು. 24ರಲ್ಲಿ ಗುಂಪುಗಳು ನಡೆದವು, 24ರಲ್ಲಿ ಇಲ್ಲ. 2012ರಲ್ಲಿ ಬಂದ ಫಲಿತಾಂಶದಲ್ಲಿ ನವಜಾತ ಶಿಶುಗಳ ಸಾವು ಇಳಿದದ್ದು ಕಾಣಲಿಲ್ಲ. ಸಂಸ್ಥೆ ಅದನ್ನು ಮುಚ್ಚಿಡದೆ ಪ್ರಕಟಿಸಿತು.

ಹಳ್ಳಿಗೂ ನಗರಕ್ಕೂ ಇರುವ ಅಂತರ ಇಂಥ ಕಡೆ ಕಣ್ಣಿಗೆ ಬೀಳುತ್ತದೆ. ಬೆಟ್ಟದ ಹಳ್ಳಿಯಲ್ಲಿ ಆಸ್ಪತ್ರೆಯೇ ದೂರ. ಮುಂಬಯಿಯಲ್ಲಿ ಆಸ್ಪತ್ರೆ ಹತ್ತಿರವೇ ಇದೆ. ಯಾವ ಹೆರಿಗೆಗೆ ಯಾವ ಆಸ್ಪತ್ರೆ, ಕಷ್ಟ ಬಂದರೆ ಎಲ್ಲಿಗೆ, ಯಾರು ಕಳಿಸಬೇಕು ಎಂಬುದು ಗೊಂದಲ. ಪಾಲಿಕೆಯ ಹೆಲ್ತ್ ಪೋಸ್ಟು, ಹೆರಿಗೆ ಮನೆ, ಉಪನಗರದ ಆಸ್ಪತ್ರೆ, ಸಯಾನ್–ಕೆಇಎಂನಂಥ ದೊಡ್ಡಾಸ್ಪತ್ರೆ, ಇವು ಒಂದರ ಜೊತೆ ಒಂದು ಮಾತಾಡುವಂತೆ ಮಾಡಿ, ಬಸುರಿಯರ ತಪಾಸಣೆಯನ್ನು ಮನೆ ಹತ್ತಿರದ ಹೆಲ್ತ್ ಪೋಸ್ಟಿಗೇ ತರುವ ಕೆಲಸದಲ್ಲಿ ಸ್ನೇಹಾ ಪಾಲಿಕೆಯ ಜೊತೆ ವರ್ಷಗಟ್ಟಲೆ ದುಡಿದಿದೆ. ಫೋಟೋಕ್ಕೆ ಸಿಗುವ ಕೆಲಸವಲ್ಲ ಅದು. ಆದರೆ ಬಸುರಿಯೊಬ್ಬಳು ನಡುರಾತ್ರಿ ಮೂರು ಆಸ್ಪತ್ರೆ ಅಲೆಯುವುದು ತಪ್ಪುವುದು ಅದರಿಂದಲೇ.

ನಮ್ಮೂರಿಗೆ ಬಂದಿದೆಯೇ?

ಕರ್ನಾಟಕಕ್ಕೂ ಈ ದಾರಿ ಬಂದಿದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ‘ಅಮೃತಧಾರೆ’ ಎಂಬ ಎದೆಹಾಲಿನ ಬ್ಯಾಂಕಿದೆ, ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯಲ್ಲೂ ಇದೆ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಇಂಥ ಕೇಂದ್ರಗಳು ಹೇಗಿರಬೇಕೆಂದು ವಿವರವಾಗಿ ಹೇಳುತ್ತದೆ. ಎದೆಹಾಲನ್ನು ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಆ ಎಚ್ಚರಿಕೆ ಬೇಕಿತ್ತು. ಹಾಲಿಗೆ ಬೆಲೆ ಕಟ್ಟಿದ ದಿನ ಬಡ ತಾಯಿ ತನ್ನ ಕೂಸಿನ ಬಾಯಿಂದ ಕಿತ್ತು ಮಾರಬೇಕಾದೀತು. ಸಯಾನಿನ ಬ್ಯಾಂಕು ಇಷ್ಟು ವರ್ಷ ಬಾಳಿರುವುದು ಅಲ್ಲಿ ದುಡ್ಡು ಓಡಾಡದ್ದರಿಂದಲೇ ಎಂದು ನಾನು ನಂಬಿದ್ದೇನೆ.

ನಿಮ್ಮ ಮನೆಯಲ್ಲಿ ಬಾಣಂತಿ ಇದ್ದು ಹಾಲು ಹೆಚ್ಚಾಗುತ್ತಿದ್ದರೆ, ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕು ಇದೆಯೇ ಎಂದು ಕೇಳಿ. ನಿಮ್ಮ ಪೈಕಿ ಯಾರಿಗಾದರೂ ದಿನ ತುಂಬದ ಕೂಸು ಹುಟ್ಟಿದರೆ, ಡಬ್ಬಿ ತರಲು ಓಡುವ ಮೊದಲು ದಾನಿ ತಾಯಿಯ ಹಾಲು ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಇಲ್ಲ ಎಂಬ ಉತ್ತರ ಬಂದರೆ, ಯಾಕಿಲ್ಲ ಎಂದು ನಿಮ್ಮ ಶಾಸಕರನ್ನೂ ಜಿಲ್ಲಾ ಆಸ್ಪತ್ರೆಯನ್ನೂ ಕೇಳಿ. ಬೇಕಾದ ಸಲಕರಣೆ ಒಂದು ಬಿಸಿನೀರಿನ ತೊಟ್ಟಿ, ಒಂದು ಫ್ರೀಜರ್, ಒಂದು ಪ್ರಯೋಗಾಲಯ, ತಾಳ್ಮೆಯಿಂದ ಮಾತಾಡುವ ನಾಲ್ಕು ಜನ. ಜನ, ಜಾಗ, ಹಣ ಎಲ್ಲದಕ್ಕೂ ಪರದಾಡುವ ಒಂದು ಮುನಿಸಿಪಲ್ ಆಸ್ಪತ್ರೆ 1989ರಲ್ಲಿ ಮಾಡಿ ತೋರಿಸಿದ್ದನ್ನು ಇಂದು ನಮ್ಮ ಪ್ರತಿ ಜಿಲ್ಲಾ ಆಸ್ಪತ್ರೆಯೂ ಮಾಡಬಲ್ಲದು, ಮಾಡಲೇಬೇಕು.