30 ವರ್ಷದ ಪಿಕಪ್, ಗಟ್ಟಿ ಎಂಜಿನ್

30 ವರ್ಷ ಹಳೆಯ ಪಿಕಪ್ ಟ್ರಕ್.
ಅಮೆರಿಕದಲ್ಲಿ ಎಷ್ಟೋ ಜನ ಇದನ್ನು ಇನ್ನೂ ಯಾಕೆ ಬಿಟ್ಟಿಲ್ಲ?

ಬಾನೆಟ್ ಎತ್ತಿ ನೋಡಿ.
ಫೋರ್ಡ್ ಎಫ್-150. ಒಳಗೆ 4.9 ಲೀಟರಿನ ಎಂಜಿನ್.
ಆರು ಸಿಲಿಂಡರ್, ಒಂದೇ ಸಾಲು.
1965ರಲ್ಲಿ ಬಂದ ಈ ಎಂಜಿನ್ 1996ರವರೆಗೂ ತಯಾರಾಯಿತು.

ಬೇರೆ ಎಂಜಿನ್‌ಗಳಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ದಂಡ) ತಿರುಗಿಸೋದು ಸಾಮಾನ್ಯವಾಗಿ ಚೈನು, ಇಲ್ಲವೇ ಬೆಲ್ಟು.
ಚೈನು ಸಡಿಲವಾಗುತ್ತೆ. ಬೆಲ್ಟು ಹರಿಯುತ್ತೆ.
ಇದರಲ್ಲಿ ಎರಡೂ ಇಲ್ಲ!

ರಸ್ತೆ ಬದಿಯ ಕಬ್ಬಿನ ಹಾಲಿನ ಮಷಿನ್ ನೋಡಿದ್ದೀರಲ್ಲ?
ಒಂದು ಚಕ್ರದ ಹಲ್ಲು ಇನ್ನೊಂದರ ಹಲ್ಲಿಗೆ ಕಚ್ಚಿಕೊಂಡು ತಿರುಗುತ್ತೆ.
ಇಲ್ಲೂ ಹಾಗೇ, ಗೇರಿಗೆ ಗೇರು.

ಒಂದು ದೋಷ ಇದೆ.
ಅನೇಕ ಗಾಡಿಗಳಲ್ಲಿ ಕ್ಯಾಮ್ ಗೇರ್ ಫೈಬರಿನದು. ವಯಸ್ಸಾದಾಗ ಹಲ್ಲು ಉದುರಬಹುದು.
ಬಲ್ಲ ಮೆಕ್ಯಾನಿಕ್‌ಗಳು ಆ ಜಾಗಕ್ಕೆ ಲೋಹದ ಗೇರ್ ಕೂರಿಸುತ್ತಾರೆ.
ಕೈಯಾಡಿಸೋಕೆ ಒಳಗೆ ಜಾಗವೂ ಧಾರಾಳ.

ನಿಜವಾದ ಶತ್ರು ತುಕ್ಕು.
ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಬಂದರೆ, ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ.
ಆ ಉಪ್ಪುನೀರು ಬಾಗಿಲ ಕೆಳಗಿನ ತಗಡು, ಕ್ಯಾಬಿನ್ ಮೂಲೆ, ಬ್ರೇಕ್ ಪೈಪು,
ಎಲ್ಲವನ್ನೂ ತಿನ್ನುತ್ತೆ.
ಎಂಜಿನ್ ಗಟ್ಟಿಮುಟ್ಟು, ಮೈ ಮಾತ್ರ ತೂತು.
ನೋಡಿದರೆ ಹೊಟ್ಟೆ ಉರಿಯುತ್ತೆ.

ಅದಕ್ಕೇ ಹಳೇ ಪಿಕಪ್ ಹುಡುಕುವವರಿಗೆ ಅರಿಜೋನಾದಂಥ ಒಣ ರಾಜ್ಯದ ಗಾಡಿ ಅಂದರೆ ಪ್ರಾಣ.
ಬಿಸಿಲಿಗೆ ಬಣ್ಣ ಮಂಕಾಗಿರುತ್ತೆ, ಡ್ಯಾಶ್‌ಬೋರ್ಡ್ ಬಿರಿದಿರುತ್ತೆ.
ಅವರು ಅದನ್ನು ನೋಡೋದೇ ಇಲ್ಲ.
ಟಾರ್ಚ್ ಹಿಡಿದು ನೆಲಕ್ಕೆ ಮಲಗಿ,
ಮೊದಲು ಚಾಸಿ ತಟ್ಟಿ ನೋಡುತ್ತಾರೆ.