ತಿಳುವಳಿಕೆಯೂ ಬಂಡವಾಳವೇ: ಹೆಬ್ಬಾಳದ ರಾಗಿ ಹೇಳುವ ಪಾಠ



ಸಂಘದ ಸಭೆಯಲ್ಲಿ ನಾವು ಹೆಚ್ಚಾಗಿ ಮಾತಾಡೋದು ಉಳಿತಾಯ, ಸಾಲ, ಬಡ್ಡಿ, ಕಂತಿನ ವಿಷಯ. ಹಣ ಬೇಕು, ನಿಜ. ಆದರೆ ಒಂದು ಉದಾಹರಣೆ ನೋಡಿ. ಎರಡು ಸಂಘಗಳು ಒಂದೇ ಮೊತ್ತದ ಸಾಲ ತಗೊಂಡು ರಾಗಿ ಮಾಲ್ಟ್ ವ್ಯಾಪಾರ ಶುರು ಮಾಡಿದವು ಅಂತ ಇಟ್ಟುಕೊಳ್ಳಿ. ಮೊಳಕೆ ರಾಗಿಯನ್ನು ಎಷ್ಟು ಒಣಗಿಸಬೇಕು, ಹೇಗೆ ಪ್ಯಾಕ್ ಮಾಡಬೇಕು, ಯಾರಿಗೆ ಮಾರಬೇಕು ಅನ್ನೋದು ಮೊದಲನೇ ಸಂಘಕ್ಕೆ ಗೊತ್ತು. ಎರಡನೇ ಸಂಘಕ್ಕೆ ಗೊತ್ತಿಲ್ಲ. ಆರು ತಿಂಗಳಲ್ಲಿ ಮೊದಲನೆಯವರು ತಪ್ಪದೆ ಕಂತು ಕಟ್ಟುತ್ತಿರುತ್ತಾರೆ. ಎರಡನೆಯವರ ಹಿಟ್ಟಿಗೆ ಹುಳು ಬಿದ್ದಿರುತ್ತದೆ, ಸಾಲ ಮಾತ್ರ ತಲೆ ಮೇಲೆ ಉಳಿದಿರುತ್ತದೆ. ಇಬ್ಬರ ಹಣವೂ ಒಂದೇ. ವ್ಯತ್ಯಾಸ ತಿಳುವಳಿಕೆಯದು.

ಸಂಘಕ್ಕೆ ಅನ್ವಯಿಸುವ ಈ ಮಾತು ನಾಡಿಗೂ ಅನ್ವಯಿಸುತ್ತದೆ. ಹೊಸ ತಿಳುವಳಿಕೆ ಹುಟ್ಟಬೇಕು, ಅದು ಜನರಿಗೆ ಹರಡಬೇಕು. ಎರಡೂ ಆದಾಗಲೇ ಅಭಿವೃದ್ಧಿ.

ಹಂಚಿದರೂ ಕರಗದ ಆಸ್ತಿ

ಸಂಘದ ಪೆಟ್ಟಿಗೆಯಿಂದ ಒಬ್ಬರಿಗೆ ಸಾವಿರ ರೂಪಾಯಿ ಕೊಟ್ಟರೆ ಪೆಟ್ಟಿಗೆಯಲ್ಲಿ ಸಾವಿರ ಕಡಿಮೆಯಾಗುತ್ತದೆ. ಆದರೆ ರವಿಕೆ ಹೊಲಿಯೋದನ್ನು ಹತ್ತು ಜನಕ್ಕೆ ಹೇಳಿಕೊಟ್ಟರೂ ಹೇಳಿಕೊಟ್ಟವರ ಕಸುಬು ಕಡಿಮೆಯಾಗೋದಿಲ್ಲ. ಜೊತೆಗೆ, ಕಲಿತವರಲ್ಲಿ ಒಬ್ಬರು ಹೊಸ ವಿನ್ಯಾಸ ಕಂಡುಹಿಡಿಯಬಹುದು. ಹೀಗೆ ತಿಳುವಳಿಕೆಯ ಮೇಲೆ ತಿಳುವಳಿಕೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ದೇಶದ ಆರ್ಥಿಕ ಬೆಳವಣಿಗೆಗೆ ಇದು ಹೇಗೆ ಕಾರಣ ಎಂದು ವಿವರಿಸಿದ ಅಮೆರಿಕದ ಪಾಲ್ ರೋಮರ್ ಅವರಿಗೆ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ಪಕ್ಕದ ಹೊಲದ ಕಥೆ

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಕ್ಕಾಗಿ ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1913ರಲ್ಲಿ ರಾಗಿ ತಳಿ ಸುಧಾರಣೆಯ ಕೆಲಸ ಶುರು ಮಾಡಿದರು. 1918ರಲ್ಲಿ ಎಚ್-22 ಎಂಬ ತಳಿ ಹೊರಬಂತು.

ಅಲ್ಲಿಗೆ ಕೆಲಸ ನಿಲ್ಲಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿದರು. ರಾಗಿ ಹೂವು ಬಹಳ ಸಣ್ಣದು, ತನ್ನೊಳಗೇ ಕಾಳುಕಟ್ಟುವಂಥದ್ದು. ಹಾಗಾಗಿ ಎರಡು ತಳಿ ಕೂಡಿಸೋದು ಸುಲಭದ ಕೆಲಸವಲ್ಲ. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿಸಿ ಆ ತಳಿಗಳಿಗೆ ಇಂಡಾಫ್ ಎಂದು ಹೆಸರಿಟ್ಟರು. ಹೆಚ್ಚು ಇಳುವರಿ ಕೊಟ್ಟ ಈ ತಳಿಗಳಿಂದಾಗಿ ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು.

ಆದರೂ ಬೆಂಕಿ ರೋಗ ರೈತರನ್ನು ಕಾಡುತ್ತಿತ್ತು. ಬಳ್ಳಾರಿ ರಸ್ತೆಯ ಜಿ.ಕೆ.ವಿ.ಕೆ.ಯಲ್ಲಿ ವಿಜ್ಞಾನಿಗಳು ಇಂಡಾಫ್ ತಳಿಗಳಿಗೇ ರೋಗ ತಡೆಯುವ ಇನ್ನೊಂದು ಆಫ್ರಿಕಾ ರಾಗಿಯನ್ನು ಕೂಡಿಸಿ ಜಿಪಿಯು-28 ತಳಿ ಮಾಡಿದರು. ಇದು 1998ರಲ್ಲಿ ಬಿಡುಗಡೆಯಾಗಿ ದಕ್ಷಿಣ ಕರ್ನಾಟಕದ ತುಂಬ ಹರಡಿತು. ಲಕ್ಷ್ಮಣಯ್ಯನವರ ಕೆಲಸ ಇಲ್ಲದಿದ್ದರೆ ಈ ತಳಿಯೂ ಇಲ್ಲ. ಒಬ್ಬರ ತಿಳುವಳಿಕೆ ಇನ್ನೊಬ್ಬರಿಗೆ ಬಂಡವಾಳವಾಗೋದು ಅಂದರೆ ಇದೇ.

ಹರಡುವುದು ಹೇಗೆ?

ಒಳ್ಳೆಯ ಬೀಜ ಫಾರಂನಲ್ಲೇ ಉಳಿದರೆ ಯಾರ ಹೊಟ್ಟೆಯೂ ತುಂಬೋದಿಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತು ಎಂಬ ಅಧ್ಯಯನ 1943ರಲ್ಲಿ ಪ್ರಕಟವಾಯಿತು. ರೈತರು ಆ ಬೀಜದ ಸುದ್ದಿ ಮೊದಲು ಕೇಳಿದ್ದು ಮಾರಾಟಗಾರರಿಂದ. ಆದರೆ ನಂಬಿಕೆ ಬಂದಿದ್ದು ಅಕ್ಕಪಕ್ಕದವರ ಬೆಳೆ ನೋಡಿದ ಮೇಲೆ. ಅದೂ ಒಂದೇ ಸಲ ಎಲ್ಲಾ ಹೊಲಕ್ಕೂ ಬಿತ್ತಲಿಲ್ಲ, ಮೊದಲು ಸ್ವಲ್ಪ ಜಾಗದಲ್ಲಿ ಪರೀಕ್ಷೆ ಮಾಡಿದರು. ನಾವೂ ಹಾಗೇ ಅಲ್ವಾ? ಪೇಪರಿನಲ್ಲಿ ಓದಿದ್ದಕ್ಕಿಂತ ಪಕ್ಕದ ಮನೆಯಾಕೆ ಮಾಡಿ ತೋರಿಸಿದ್ದನ್ನೇ ನಂಬುತ್ತೇವೆ.

ತಿಳುವಳಿಕೆ ವಿಶ್ವವಿದ್ಯಾಲಯದಿಂದ ಮಾತ್ರ ಬರುತ್ತೆ ಅಂದುಕೊಳ್ಳಬೇಡಿ. ಹಾವೇರಿ ಕಡೆಯ ರೈತರು ಗುಳಿ ತೋಡಿ, ಗೊಬ್ಬರ ಹಾಕಿ, ದೂರ ದೂರ ರಾಗಿ ಪೈರು ನೆಡುತ್ತಾರೆ. ಎಳೆ ಪೈರಿನ ಮೇಲೆ ಕೊರಡು ಎಳೆಯುತ್ತಾರೆ. ಪೈರು ಬಾಗಿ, ಹೆಚ್ಚು ತೆಂಡೆ ಒಡೆಯುತ್ತದೆ. ಈ ‘ಗುಳಿ ರಾಗಿ’ ಪದ್ಧತಿ ರೈತರದೇ ತಿಳುವಳಿಕೆ. ನಮ್ಮ ಅಜ್ಜಿಯರು ಕೂಸಿಗೆ ಮೊಳಕೆ ರಾಗಿಯ ಸರಿ ಕೊಡುತ್ತಿದ್ದದ್ದೂ ಅಂಥದ್ದೇ. ಮೊಳಕೆ ಬಂದಾಗ ಕಾಳಿನ ಪಿಷ್ಟ ಒಡೆಯುತ್ತದೆ. ಆದ್ದರಿಂದ ಸರಿ ಹೆಚ್ಚು ಗಟ್ಟಿಯಾಗೋದಿಲ್ಲ, ಮಗುವಿಗೆ ಬೇಗ ಅರಗುತ್ತದೆ. ಅಜ್ಜಿಗೆ ಗೊತ್ತಿದ್ದ ಈ ವಿಷಯವೇ ಇಂದು ಮಾಲ್ಟ್ ವ್ಯಾಪಾರಕ್ಕೆ ಆಧಾರ.

ತಲುಪದೇ ಉಳಿದವರು ಯಾರು?

ಹೊಲದಲ್ಲಿ ನಾಟಿ, ಕಳೆ, ಬೀಜ ಕಾಪಾಡೋ ಕೆಲಸ ಹೆಚ್ಚಾಗಿ ಹೆಂಗಸರದು. ತರಬೇತಿಗೆ ಕರೆಯುವಾಗ ಮಾತ್ರ ಪಹಣಿ ಯಾರ ಹೆಸರಲ್ಲಿದೆಯೋ ಅವರನ್ನು ಕರೆದಿದ್ದೇ ಹೆಚ್ಚು. ಕೆಲಸ ಮಾಡುವ ಕೈ ಒಂದು, ತಿಳುವಳಿಕೆ ಪಡೆಯುವ ಕಿವಿ ಇನ್ನೊಂದು ಆದರೆ ಅಲ್ಲಿ ನಷ್ಟ ಮನೆಗೂ, ನಾಡಿಗೂ.

ಈ ಕೊರತೆ ತುಂಬಲು ನಮ್ಮಂಥ ಸಂಘಗಳಿಗೆ ಆಗುತ್ತದೆ. ಸಂಘ ಅನ್ನೋದೇ ಹೀಗೆ ಹರಡಿದ ಒಂದು ತಿಳುವಳಿಕೆ. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯ ಜೊತೆ ಸಣ್ಣ ಗುಂಪುಗಳು ತಾವೇ ಉಳಿಸಿ ತಾವೇ ಸಾಲ ಕೊಡುವ ಕ್ರಮ ರೂಢಿಸಿಕೊಂಡವು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಇಂದು ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಸಂಘಗಳಿವೆ.

ನಾವು ಏನು ಮಾಡಬಹುದು?

ಯಲಹಂಕ, ಹೆಬ್ಬಾಳದ ಸುತ್ತ ಹೊಲಗಳು ಬಡಾವಣೆಗಳಾಗಿವೆ. ಹೊಲ ಇಲ್ಲದವರಿಗೂ ಕಲಿಯೋದು ಬೇಕಾದಷ್ಟಿದೆ.

1. ಸಾಲ ಕೇಳುವ ಮೊದಲು ‘ಈ ಕಸುಬು ಯಾರಿಂದ ಕಲಿತಿರಿ?’ ಎಂದು ಸಭೆಯಲ್ಲಿ ಕೇಳಿ.
2. ಜಿ.ಕೆ.ವಿ.ಕೆ. ಕೃಷಿಮೇಳಕ್ಕೆ, ಹೆಬ್ಬಾಳದ ಬೇಕರಿ ತರಬೇತಿ ಘಟಕಕ್ಕೆ ಇಬ್ಬಿಬ್ಬರಾಗಿ ಹೋಗಿ. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ.
3. ಕಲಿತು ಬಂದವರು ಮುಂದಿನ ಸಭೆಯಲ್ಲಿ ಮಾಡಿ ತೋರಿಸಲಿ. ಬಾಯಿಮಾತು ಸಾಲದು.
4. ಮೊದಲು ಎರಡು ಕೆ.ಜಿ.ಯಲ್ಲಿ ಮಾಡಿ, ಮಾರಿ ನೋಡಿ. ಆಮೇಲೆ ಮಿಷನ್ನಿಗೆ ಸಾಲ.
5. ಅಳತೆ, ಖರ್ಚು, ಕೆಟ್ಟುಹೋದದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಕಸುಬು ಗೊತ್ತಿದ್ದವರು ಊರು ಬಿಟ್ಟರೂ ತಿಳುವಳಿಕೆ ಸಂಘದಲ್ಲೇ ಉಳಿಯಲಿ.

ಸಭೆಯಲ್ಲಿ ಚರ್ಚಿಸಿ

* ನಮ್ಮ ಸಂಘದಲ್ಲಿ ಯಾರಿಗೆ ಯಾವ ಕಸುಬು ಗೊತ್ತು? ಇಷ್ಟು ದಿನ ಅದನ್ನು ಕೇಳಿದ್ದೇವೆಯೇ?
* ಸರಿಯಾದ ತಿಳುವಳಿಕೆ ಇಲ್ಲದೆ ನಿಂತುಹೋದ ವ್ಯಾಪಾರ ನಮ್ಮಲ್ಲಿದೆಯೇ? ಯಾರನ್ನು ಕೇಳಿದ್ದರೆ ಉಳಿಯುತ್ತಿತ್ತು?
* ಈ ತಿಂಗಳು ನಾವು ಪಕ್ಕದ ಸಂಘಕ್ಕೆ ಏನನ್ನು ಕಲಿಸಬಹುದು?